ಮಗೂನ ಕಾರಲ್ಲಿ ಕೂರ್ಸೋದು ಹೇಗೆ: ತೊಡೆ ಮೇಲಿಂದ ಚೈಲ್ಡ್ ಸೀಟಿಗೆ

ಯಡಿಯೂರು ದಾಟಿ ಹಾಸನದ ಕಡೆ ಹೋಗ್ತಿದ್ವಿ. ನಮ್ಮ ದೊಡ್ಡವನಿಗೆ ಆಗ ಹದಿನಾಲ್ಕು ತಿಂಗ್ಳು, ಮುಂದಿನ ಸೀಟಲ್ಲಿ ನನ್ನ ತೊಡೆ ಮೇಲೆ ಕೂತು ಡ್ಯಾಶ್‌ಬೋರ್ಡ್ ಬಡೀತಾ ಆಟ ಆಡ್ತಿದ್ದ. ನಾಯಿ ಅಡ್ಡ ಬಂತು, ನಮ್ಮನೆಯವ್ರು ಬ್ರೇಕ್ ಒತ್ತಿದ್ರು, ಅಷ್ಟೇ ಕಣ್ರೀ. ಯಾವ ಡಿಕ್ಕಿನೂ ಇಲ್ಲ, ಸ್ಪೀಡ್ ಹೆಚ್ಚಂದ್ರೆ ನಲ್ವತ್ತು, ನಾನು ಎರಡೂ ಕೈಲಿ ಅವನ ಸೊಂಟ ಹಿಡ್ಕೊಂಡೇ ಇದ್ದೆ, ಆದ್ರೂ ಸೋಪು ಜಾರಿದಂಗೆ ಜಾರ್ಕೊಂಡು ಹೋಗಿ ಹಣೆ ಡ್ಯಾಶ್‌ಬೋರ್ಡಿಗೆ ಬಡೀತು. ನಿಂಬೆಹಣ್ಣಿನಷ್ಟು ಬುಗುಟೆ. ಬೆಳ್ಳೂರು ಕ್ರಾಸಲ್ಲಿ ಹೋಟ್ಲವರ ಹತ್ರ ಐಸ್ ಇಸ್ಕೊಂಡು ಕರ್ಚೀಫಲ್ಲಿ ಸುತ್ತಿ ಒತ್ತುತ್ತಾ ಕೂತಿದ್ದಾಗ ತಲೇಲಿ ಓಡ್ತಿದ್ದಿದ್ದು ಒಂದೇ, ಅವನು ಬಡ್ಕೊಂಡ ಜಾಗದ ಪಕ್ಕದಲ್ಲೇ ಏರ್‌ಬ್ಯಾಗ್ ಅಂತ ಬರ್ದಿತ್ತು.

ಅದಾದ್ಮೇಲೆ ಚೈಲ್ಡ್ ಸೀಟ್ ತಗೊಂಡ್ವಿ, ಮೊದಲ್ನೇದು ತಪ್ಪು ಸೀಟ್, ಎರಡನೇದು ಸರಿ ಸೀಟ್ ಆದ್ರೆ ಆರು ತಿಂಗ್ಳು ತಪ್ಪಾಗಿ ಫಿಟ್ ಮಾಡಿದ್ವಿ. ಈಗ ಎರಡನೇ ಮಗುನೂ ಆಗಿ ಅದೂ ಸೀಟಿಗೆ ಒಗ್ಗಿದೆ. ಫ್ರೆಂಡ್ಸ್ ಪದೇ ಪದೇ ಕೇಳ್ತಾರೆ, ಯಾವ್ದು ತಗೋಬೇಕು, ಅತ್ತೆ ಒಪ್ಪಲ್ಲ ಏನ್ ಮಾಡ್ಲಿ, ಪೊಲೀಸ್ ನಿಜವಾಗ್ಲೂ ಫೈನ್ ಹಾಕ್ತಾರಾ ಅಂತ. ಒಂದೇ ಸಲ ಎಲ್ಲಾ ಬರ್ದಿಡ್ತೀನಿ.

ಕೈಲಿ ಹಿಡ್ಕೊಂಡ್ರೆ ಯಾಕೆ ಆಗಲ್ಲ

ಇದೊಂದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರತ್ತೆ, ಅದಕ್ಕೇ ಮೊದ್ಲು ಹೇಳ್ತಿದೀನಿ. ಗಂಟೆಗೆ 50 ಕಿಲೋಮೀಟರ್ ಸ್ಪೀಡಲ್ಲಿ ಹೋಗೋ ಕಾರು ಏನಕ್ಕಾದ್ರೂ ಗುದ್ದಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತ್ಹೋಯ್ತು ಅನ್ಕೊಳ್ಳಿ. ಕಾರು ನಿಂತ್ರೂ ಒಳಗಿರೋ ಮಗು ಅದೇ 50ರಲ್ಲಿ ಮುಂದಕ್ಕೆ ಹೋಗ್ತಾನೇ ಇರತ್ತೆ. 10 ಕೆಜಿ ಮಗೂನ ಆ ಹೊತ್ತಲ್ಲಿ ಹಿಡಿದು ನಿಲ್ಲಿಸ್ಬೇಕು ಅಂದ್ರೆ ಸುಮಾರು 140 ಕೆಜಿ ತೂಕ ಎತ್ತಿ ಹಿಡಿದಷ್ಟು ಬಲ ಬೇಕು. ಅಂಗಡಿಯಿಂದ ತರೋ 25 ಕೆಜಿ ಸೋನಾ ಮಸೂರಿ ಮೂಟೆ ಇದ್ಯಲ್ಲ, ಅಂಥವು ಐದೂವರೆ ಮೂಟೆ, ಅದೂ ರೆಪ್ಪೆ ಬಡಿಯೋಷ್ಟ್ರಲ್ಲಿ. ಒಂದು ಮೂಟೆ ಡಿಕ್ಕಿಯಿಂದ ಇಳಿಸೋಕೇ ನಾನು ಪಕ್ಕದ್ಮನೆ ಹುಡುಗನ್ನ ಕರೀತೀನಿ.

ಇನ್ನೊಂಥರ ಹೇಳ್ಬೇಕಂದ್ರೆ ಆ ಹೊಡ್ತ 10 ಮೀಟರ್ ಎತ್ತರದಿಂದ ಬಿದ್ದಿದ್ದಕ್ಕೆ ಸಮ, ಅಂದ್ರೆ ಹತ್ರತ್ರ ಮೂರನೇ ಮಹಡಿ ಬಾಲ್ಕನಿ. ಬಾಲ್ಕನೀಗೆ ಗ್ರಿಲ್ ಹಾಕ್ಸಿ, ಅದ್ರ ಮೇಲೆ ಬಲೆ ಬೇರೆ ಹಾಕ್ಸಿರ್ತೀವಿ, ಕಾರಲ್ಲಿ ಮಾತ್ರ ಮಗೂನ ಎರಡು ಸೀಟಿನ ಮಧ್ಯ ನಿಲ್ಲಿಸ್ಕೊಂಡು ನೋಡು ಪುಟ್ಟ ಲಾರಿ ಅಂತೀವಿ.

ಇನ್ನು ತೊಡೆ ಮೇಲೆ ಕೂರ್ಸ್ಕೊಂಡು ಒಂದೇ ಬೆಲ್ಟ್ ಇಬ್ರಿಗೂ ಸೇರಿಸಿ ಹಾಕೋದು. ತುಂಬ ಜನ ಇದು ಸೇಫು ಅನ್ಕೊಂಡಿದಾರೆ, ಬರೀ ಕೂರಿಸ್ಕೊಳ್ಳೋದಕ್ಕಿಂತ್ಲೂ ಇದು ಕೆಟ್ಟದ್ದಾಗ್ಬೋದು, ಯಾಕಂದ್ರೆ ಹಿಂದಿಂದ ನಿಮ್ಮ ಅರವತ್ತು ಕೆಜಿ, ಮುಂದಿಂದ ಬೆಲ್ಟು, ಮಧ್ಯ ಮಗು. ನಮ್ಮ ಮೈಗೆ ಕುಶನ್ ಅದೇ ಆಗೋಗತ್ತೆ.

ಕಾನೂನು ಏನನ್ನತ್ತೆ

2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆಯ್ತಲ್ಲ, ಆ ವರ್ಷ ಸೆಪ್ಟೆಂಬರ್ 1ರಿಂದ ಹೊಸ ಫೈನ್‌ಗಳು ಬಂದ್ವು, ಅದ್ರಲ್ಲಿ 194ಬಿ ಅಂತ ಒಂದು ಸೆಕ್ಷನ್. ಎರಡು ಭಾಗ ಇದೆ. ಮೊದಲ್ನೇದು ಎಲ್ರಿಗೂ ಗೊತ್ತಿರೋದು, ಬೆಲ್ಟ್ ಹಾಕ್ದೆ ಓಡಿಸಿದ್ರೆ ಅಥವಾ ಬೆಲ್ಟ್ ಹಾಕ್ದಿರೋರನ್ನ ಕೂರಿಸ್ಕೊಂಡು ಹೋದ್ರೆ 1000 ರೂಪಾಯಿ. ಎರಡನೇದು ಹೆಚ್ಚು ಜನ ಓದೇ ಇಲ್ಲ, 14 ವರ್ಷ ತುಂಬದಿರೋ ಮಗೂಗೆ ಸೀಟ್ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ದೆ ಗಾಡಿ ಓಡಿಸಿದ್ರೆ, ಅಥವಾ ಓಡಿಸೋಕೆ ಬಿಟ್ರೆ, ಅದಕ್ಕೂ 1000. ಓಡಿಸೋಕೆ ಬಿಟ್ರೆ ಅನ್ನೋ ಮಾತು ಗಮನಿಸಿ, ನಾನು ಡ್ರೈವ್ ಮಾಡ್ತಿರ್ಲಿಲ್ಲ ಸಾರ್ ಅಂದ್ರೆ ನಡಿಯಲ್ಲ. ಮಡಿಲಲ್ಲಿ ಕೂರಿಸ್ಕೊಂಡಿದ್ದೆ ಅನ್ನೋದಕ್ಕೆ ಆ ಸೆಕ್ಷನ್ನಲ್ಲಿ ಜಾಗನೇ ಇಲ್ಲ.

ನಮ್ಮ ರಾಜ್ಯದಲ್ಲಿ ಇದು ಸ್ವಲ್ಪ ಹಾವು ಏಣಿ ಆಟ ಆಡ್ತು. 2019ರಲ್ಲಿ ಫೈನ್ ಜಾಸ್ತಿ ಆಯ್ತು ಅಂತ ಜನ ಗಲಾಟೆ ಮಾಡಿದ್ಮೇಲೆ ಸರ್ಕಾರ ಸೀಟ್ ಬೆಲ್ಟಿಂದು 500ಕ್ಕೆ ಇಳಿಸ್ತು. ಆಮೇಲೆ 2022ರ ಸೆಪ್ಟೆಂಬರ್ 4ಕ್ಕೆ ಮುಂಬೈ-ಅಹಮದಾಬಾದ್ ಹೈವೇಲಿ ಪಾಲ್ಘರ್ ಹತ್ರ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅವ್ರಿದ್ದ ಕಾರು ಸೇತುವೆ ಗೋಡೆಗೆ ಗುದ್ದಿ, ಹಿಂದಿನ ಸೀಟಲ್ಲಿ ಬೆಲ್ಟ್ ಹಾಕ್ದೆ ಕೂತಿದ್ದ ಇಬ್ರೂ ಹೋಗ್ಬಿಟ್ರು, ಮುಂದೆ ಕೂತಿದ್ದ ಇಬ್ರೂ ಉಳ್ಕೊಂಡ್ರು. ದೇಶ ಪೂರ್ತಿ ಆಗ ಹಿಂದಿನ ಸೀಟಿನ ಬೆಲ್ಟ್ ಹುಡುಕೋಕೆ ಶುರು ಮಾಡ್ತು. ಅದೇ ಅಕ್ಟೋಬರಲ್ಲಿ ಕರ್ನಾಟಕ ಪೊಲೀಸ್ ಕಡೆಯಿಂದ ಸುತ್ತೋಲೆ ಬಂತು, ಹಿಂದೆ ಕೂತೋರೂ ಸೇರಿ ಎಲ್ರಿಗೂ ಬೆಲ್ಟು, ಇಲ್ದಿದ್ರೆ 1000.

ಹಾಗಾದ್ರೆ ಮಗು ಸೀಟಲ್ಲಿಲ್ಲ ಅಂತ ಯಾರಾದ್ರೂ ನಿಲ್ಲಿಸ್ತಾರಾ? ನನ್ನ ಅನುಭವದಲ್ಲಿ ಒಂದೇ ಒಂದು ಸಲಾನೂ ಇಲ್ಲ. ಒಂದೂರಲ್ಲಿ, ಹೆಸ್ರು ಬೇಡ, ಚೆಕಿಂಗಲ್ಲಿ ನಿಲ್ಲಿಸಿದ್ರು, ನಮ್ಮ ಮುಂದಿನ ಕಾರಲ್ಲಿ ಮೂರು ವರ್ಷದ ಹುಡ್ಗಿ ಡ್ರೈವರ್ ತೊಡೆ ಮೇಲೆ ಕೂತು ಸ್ಟೇರಿಂಗ್ ಹಿಡ್ಕೊಂಡಿದ್ಲು, ಇನ್ಶೂರೆನ್ಸ್ ನೋಡಿ, ಎಮಿಷನ್ ನೋಡಿ, ಹುಡ್ಗಿ ಕೆನ್ನೆ ಚಿವುಟಿ ಕಳಿಸಿದ್ರು. ನಾನು ಗ್ಲಾಸ್ ಇಳ್ಸಿ ಅದನ್ನ ಕೇಳ್ದೆ, ಮಕ್ಳಿಗೆಲ್ಲ ಯಾರ್ ಹಾಕ್ತಾರೆ ಬಿಡಿ ಮೇಡಂ ಅಂದ್ರು. ಅವ್ರನ್ನೇ ಬೈಯೋಕೂ ಮನಸ್ಸಿಲ್ಲ, ಫೈನ್ ಹಾಕಿದ್ರೆ ಕಾರಲ್ಲಿರೋ ಅಜ್ಜಿ ತಾತ ಎಲ್ಲಾ ಸೇರಿ ಮೈಮೇಲೆ ಬೀಳ್ತಾರೆ ಅಂತ ಅವ್ರಿಗೂ ಗೊತ್ತು.

ಕ್ಯಾಮೆರಾ ವಿಷ್ಯ ಬೇರೆ. ಬೆಂಗಳೂರಿನ ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಿಂದ ಐಟಿಎಂಎಸ್ ಕ್ಯಾಮೆರಾಗಳಿವೆ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಲೂ ಬಂದಿವೆ, ನಂಬರ್ ಪ್ಲೇಟ್ ಓದಿ ಓನರ್ ಮೊಬೈಲಿಗೆ ಚಲನ್ ಕಳಿಸ್ತವೆ. ಆದ್ರೆ ಅವು ನೋಡೋದು ಮುಂದಿನ ಗಾಜಿಂದ, ಡ್ರೈವರ್ರು, ಪಕ್ಕದಲ್ಲಿ ಕೂತಿರೋರು, ಅವ್ರ ಎದೆ ಮೇಲೆ ಬೆಲ್ಟಿದ್ಯಾ ಅಂತ. ಹಿಂದಿನ ಸೀಟಲ್ಲಿ ಮಗು ನಿಂತಿದ್ಯೋ ಮಲಗಿದ್ಯೋ ಅದಕ್ಕೆ ಕಾಣೋದು ಕಷ್ಟ. ಮಗು ಮುಂದೆ ತೊಡೆ ಮೇಲಿದ್ರೆ ಕಾಣತ್ತೆ, ಆದ್ರೆ ಅದನ್ನ ತಪ್ಪಿಸ್ಕೊಳ್ಳೋಕೆ ಅಂತ ಟೋಲ್ ಹತ್ರ ಮಗೂನ ಹಿಂದಕ್ಕೆ ದಾಟಿಸಿ ಆಮೇಲೆ ಮುಂದಕ್ಕೆ ತಗೊಳ್ಳೋರನ್ನ ನಾನೇ ನೋಡಿದೀನಿ. ಏನ್ ಹೇಳೋದು.

ಚಲನ್ ಬಾಕಿ ಇದ್ಯಾ ನೋಡ್ಬೇಕಂದ್ರೆ ಪರಿವಾಹನ್ ಇ-ಚಲನ್ ಸೈಟು, ಕರ್ನಾಟಕ ಒನ್, ಬೆಂಗಳೂರಾದ್ರೆ ಟ್ರಾಫಿಕ್ ಪೊಲೀಸರ ಅಸ್ತ್ರಂ ಆಪ್, ಎಲ್ಲಾದ್ರೂ ಗಾಡಿ ನಂಬರ್ ಹಾಕಿ. ಕ್ಯಾಮೆರಾ ಚಲನ್ ಆದ್ರೆ ಫೋಟೋ ಇರತ್ತೆ, ಕಪ್ಪು ಶರ್ಟ್ ಮೇಲೆ ಕಪ್ಪು ಬೆಲ್ಟ್ ಕಾಣ್ದೆ ತಪ್ಪಾಗಿ ಬರೋದೂ ಉಂಟು, ಹಾಗಿದ್ರೆ ಕಟ್ಬೇಡಿ, ಫೋಟೋ ಸಮೇತ ದೂರು ಕೊಡಿ. 50% ಡಿಸ್ಕೌಂಟ್ ಬರ್ಲಿ ಅಂತ ಕಾಯೋ ಜಾತಿ ಒಂದಿದೆ, 2023ರಲ್ಲೂ 2025ರಲ್ಲೂ ಸರ್ಕಾರ ಕೊಟ್ಟಿದೆ ನಿಜ, ನಮ್ಮ ಭಾವ ಆ ಜಾತಿ.

ಕೇಂದ್ರ ಸಾರಿಗೆ ಇಲಾಖೆ ಲೆಕ್ಕದಲ್ಲಿ 2022 ಒಂದೇ ವರ್ಷದಲ್ಲಿ ಸೀಟ್ ಬೆಲ್ಟ್ ಹಾಕ್ದೆ ಸತ್ತೋರು 16,715 ಜನ, ಅದ್ರಲ್ಲಿ ಅರ್ಧದಷ್ಟು, 8,331, ಓಡಿಸ್ತಿದ್ದೋರಲ್ಲ, ಸುಮ್ನೆ ಕೂತಿದ್ದೋರು.

ಯಾವ ಸೀಟ್ ತಗೋಬೇಕು

ನಾವು ಮಾಡಿದ ಮೊದಲ್ನೇ ತಪ್ಪು ಇಲ್ಲೇ. ಹದಿನಾಲ್ಕು ತಿಂಗಳ ಮಗೂಗೆ, ಸ್ವಲ್ಪ ದೊಡ್ಡದು ತಗೊಂಡ್ರೆ ಜಾಸ್ತಿ ದಿನ ಬರತ್ತೆ ಅಂತ, ಯೂನಿಫಾರ್ಮ್ ಹೊಲಿಸೋ ಥರ ಒಂದು ಸೈಜ್ ದೊಡ್ಡದೇ ತಗೊಂಡ್ವಿ. ಚೈಲ್ಡ್ ಸೀಟಲ್ಲಿ ಆ ಲೆಕ್ಕಾಚಾರ ಬೇಡ. ವಯಸ್ಸು ನೋಡ್ಬೇಡಿ, ಡಬ್ಬದ ಮೇಲೆ ಬರ್ದಿರೋ ತೂಕ ಇಲ್ಲಾಂದ್ರೆ ಎತ್ತರ ನೋಡಿ, ಮನೇಲಿ ಮಗೂನ ತೂಗಿ ಅಳೆದು ಆಮೇಲೆ ಅಂಗ್ಡಿಗೆ ಹೋಗಿ.

ಹುಟ್ಟಿದಾಗಿಂದ 13 ಕೆಜಿವರೆಗೆ ಬೇಬಿ ಕ್ಯಾರಿಯರ್ ಥರ ಹಿಡಿ ಇರೋ ಸೀಟು, 9ರಿಂದ 18 ಕೆಜಿಗೆ ಐದು ಪಟ್ಟಿಯ ಸೀಟು, 15ರಿಂದ 36 ಕೆಜಿಗೆ ಬೂಸ್ಟರ್ ಅನ್ನೋ ಎತ್ತರಿಸೋ ಮಣೆ, ಇದು ಹಳೇ ಲೆಕ್ಕ, ನಮ್ಮ ದೇಶದ ಎಐಎಸ್-072 ಸ್ಟ್ಯಾಂಡರ್ಡೂ ಯುರೋಪಿನ ಆರ್44 ಸ್ಟ್ಯಾಂಡರ್ಡೂ ಹಿಂಗೇ ಗುಂಪು ಮಾಡಿವೆ. ಹೊಸದು ಆರ್129, ಇದನ್ನೇ ಐ-ಸೈಜ್ ಅಂತಾರೆ, ಇದ್ರಲ್ಲಿ ಗುಂಪು ಎತ್ತರದ ಮೇಲೆ, ಪಕ್ಕದಿಂದ ಗುದ್ದಿದ್ರೆ ಏನಾಗತ್ತೆ ಅನ್ನೋ ಟೆಸ್ಟೂ ಇದೆ. ಯುರೋಪಿನ ಸ್ಟ್ಯಾಂಡರ್ಡ್ ಇರೋ ಸೀಟಿಗೆ ಕಿತ್ತಳೆ ಬಣ್ಣದ ಸ್ಟಿಕ್ಕರ್ ಅಂಟಿಸಿರ್ತಾರೆ, ಒಂದು ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ನಂಬರ್. ಯಾವ ಸ್ಟ್ಯಾಂಡರ್ಡೂ ಬರೀದೇ ಸೇಫ್ಟಿ ಕುಶನ್, ಟ್ರಾವೆಲ್ ಹಾರ್ನೆಸ್ ಅಂತ ಆನ್‌ಲೈನಲ್ಲಿ ಎಂಟ್ನೂರು ರೂಪಾಯಿಗೆ ಸಿಗೋ ಬಟ್ಟೆ ಚೀಲ ಬರತ್ತಲ್ಲ, ಅದು ಮಗೂನ ಅಲುಗಾಡದಂಗೆ ಇಡತ್ತೆ, ಕಾಪಾಡಲ್ಲ, ಆ ದುಡ್ಡಲ್ಲಿ ಮಸಾಲೆ ದೋಸೆ ತಿನ್ನಿ.

ಹಿಂದಕ್ಕೆ ಮುಖ ಮಾಡಿ ಕೂರ್ಸೋದು ನಮ್ಮ ಜನಕ್ಕೆ ವಿಚಿತ್ರ ಅನ್ಸತ್ತೆ, ಮಗೂಗೆ ರೋಡೇ ಕಾಣಲ್ವಲ್ಲ ಅಂತ. ಆದ್ರೆ ಪುಟ್ಟ ಮಗೂನ ತಲೆ ನೋಡಿ, ಮೈ ಉದ್ದದಲ್ಲಿ ಕಾಲು ಭಾಗ ಅದೇ ಇರತ್ತೆ, ಕತ್ತಿನ ಮೂಳೆ ಇನ್ನೂ ಗಟ್ಟಿ ಆಗಿರಲ್ಲ. ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ ಗುದ್ದಿದ್ರೆ ಮೈನ ಪಟ್ಟಿ ಹಿಡ್ಕೊಳತ್ತೆ, ತಲೆ ಮಾತ್ರ ಮುಂದಕ್ಕೆ ಎಸೆದ ಹಾಗೆ ಹೋಗಿ ಪೂರ್ತಿ ಎಳೆತ ಆ ಎಳೇ ಕತ್ತಿನ ಮೇಲೆ. ಹಿಂದಕ್ಕೆ ಮುಖ ಇದ್ರೆ ಬೆನ್ನು, ತಲೆ, ಕತ್ತು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ಕೊಳ್ತವೆ. ಆರ್129 ಪ್ರಕಾರ ಕಡಿಮೆ ಅಂದ್ರೂ 15 ತಿಂಗಳವರೆಗೆ ಹೀಗೇ ಕೂರಿಸ್ಬೇಕು, ನಾನಂತೂ ಸೀಟ್ ಎಲ್ಲಿವರೆಗೂ ಹಿಡಿಸತ್ತೋ ಅಲ್ಲಿವರೆಗೂ ಅಂತೀನಿ, ನಮ್ಮ ಚಿಕ್ಕವಳು ಮೂರು ವರ್ಷದವರೆಗೂ ಹಿಂದಕ್ಕೇ ಕೂತಿದ್ಲು. ಕಾಲು ಮಡಚ್ಕೊಂಡಿರತ್ತೆ ಪಾಪ ಅಂತಾರೆ, ಮನೇಲಿ ನೆಲದ ಮೇಲೆ ಹೇಗೆ ಕೂರತ್ತೆ ನೋಡಿ, ಚಕ್ಕಳಮಕ್ಕಳ ಹಾಕ್ಕೊಂಡೇ ಅಲ್ವಾ.

ಬೆಲೆ ಐದಾರು ಸಾವಿರದಿಂದ ಶುರು, ಮೂವತ್ತು ನಲ್ವತ್ತು ಸಾವಿರಕ್ಕೂ ಇದೆ. ದುಬಾರೀದೇ ತಗೊಳ್ಳಿ ಅನ್ನಲ್ಲ, ಸ್ಟ್ಯಾಂಡರ್ಡ್ ಪಾಸಾಗಿರೋ ಕಡಿಮೆ ಬೆಲೇದನ್ನ ಸರಿಯಾಗಿ ಫಿಟ್ ಮಾಡಿದ್ರೆ, ತಪ್ಪಾಗಿ ಫಿಟ್ ಮಾಡಿದ ನಲ್ವತ್ತು ಸಾವಿರದ್ದಕ್ಕಿಂತ ಎಷ್ಟೋ ವಾಸಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಅಕ್ಕನ ಮನೇದೋ ಫ್ರೆಂಡ್‌ದೋ ತಗೊಳ್ಳಿ, ಒಂದ್ಸಲ ಆಕ್ಸಿಡೆಂಟ್ ಆಗಿರೋ ಕಾರಲ್ಲಿದ್ದ ಸೀಟಲ್ಲಿ ಹೊರಗೆ ಕಾಣ್ದೇ ಇರೋ ಬಿರುಕು ಇರಬೋದು, ಗೊತ್ತಿಲ್ದೋರು ಮಾರೋವಾಗ ಅದನ್ನ ಹೇಳ್ತಾರಾ? ಬುಡದಲ್ಲಿ ತಯಾರಾದ ದಿನಾಂಕ ಇರತ್ತೆ, ಪ್ಲಾಸ್ಟಿಕ್ಕಿಗೂ ಆಯಸ್ಸಿದೆ, ಅದನ್ನೂ ನೋಡ್ಕೊಳ್ಳಿ.

ದುಡ್ಡು ಕೊಡೋಕೆ ಮುಂಚೆ ನಿಮ್ಮ ಕಾರಲ್ಲಿ ಐಸೊಫಿಕ್ಸ್, ಅಂದ್ರೆ ಚೈಲ್ಡ್ ಸೀಟನ್ನ ನೇರ ಕಾರಿಗೇ ಸಿಗಿಸೋ ಕೊಂಡಿ, ಇದ್ಯಾ ನೋಡಿ. ಹಿಂದಿನ ಸೀಟಲ್ಲಿ ಬೆನ್ನಿನ ಭಾಗ, ಕೂರೋ ಭಾಗ ಸೇರೋ ಸಂದಿಗೆ ಕೈ ಹಾಕಿದ್ರೆ ಬೆರಳಿಗೆ ಎರಡು ಕಬ್ಬಿಣದ ಕೊಂಡಿ ಸಿಗತ್ತೆ, ಹೊಸ ಕಾರುಗಳಲ್ಲಿ ಅಲ್ಲೊಂದು ಚಿಕ್ಕ ಟ್ಯಾಗೂ ಇರತ್ತೆ. ಇದ್ರೆ ಐಸೊಫಿಕ್ಸ್ ಸೀಟ್ ತಗೊಳ್ಳಿ, ತಪ್ಪು ಮಾಡೋ ಚಾನ್ಸ್ ಕಡಿಮೆ. ಇಲ್ದಿದ್ರೆ ಬೆಲ್ಟಲ್ಲಿ ಕಟ್ಟೋ ಸೀಟು, ಅದೇನೂ ಕೀಳಲ್ಲ. ಹೊಸ ಕಾರೇ ತಗೊಳ್ತಿದ್ರೆ 2023ರ ಅಕ್ಟೋಬರಿಂದ ಶುರುವಾಗಿರೋ ಭಾರತ್ ಎನ್‌ಕ್ಯಾಪ್ ಅನ್ನೋ ಕ್ರ್ಯಾಶ್ ಟೆಸ್ಟಲ್ಲಿ ದೊಡ್ಡೋರ ಸ್ಟಾರ್ ಬೇರೆ, ಮಕ್ಕಳ ಸ್ಟಾರ್ ಬೇರೆ ಕೊಡ್ತಾರೆ, ಮಕ್ಕಳದ್ದು 49 ಪಾಯಿಂಟಿಗೆ, ಶೋರೂಮಲ್ಲಿ ಅದನ್ನ ಕೇಳಿ. ಸೇಲ್ಸ್ ಹುಡುಗ್ರು ಸನ್‌ರೂಫ್ ತೋರ್ಸೋಕೆ ಓಡೋಡಿ ಬರ್ತಾರೆ, ಇದನ್ನ ಕೇಳಿದ್ರೆ ಮ್ಯಾನೇಜರ್ ಹತ್ರ ಹೋಗ್ತಾರೆ.

ಫಿಟ್ ಮಾಡೋದು

ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಇಟ್ಕೊಳ್ಳಿ, ಬಿಸಿಲೇರೋ ಮುಂಚೆ. ಮಗೂನ ಮನೇಲಿ ಬಿಟ್ಟು ಬನ್ನಿ. ಸೀಟ್ ಹಾಕೋ ಜಾಗ ಹಿಂದಿನ ಸೀಟು, ಎಡಗಡೆ ನನಗೆ ಇಷ್ಟ, ಫುಟ್‌ಪಾತ್ ಕಡೆಯಿಂದ ಹತ್ತಿಸಿ ಇಳಿಸ್ಬೋದು. ಮಧ್ಯದ ಸೀಟ್ ಚೆನ್ನಾಗಿದೆ ಅಂತ ಎಲ್ಲೋ ಓದಿರ್ತೀರ, ಆದ್ರೆ ಎಷ್ಟೋ ಕಾರಲ್ಲಿ ಮಧ್ಯದಲ್ಲಿ ಬರೀ ಸೊಂಟದ ಬೆಲ್ಟ್ ಇರತ್ತೆ, ಹೆಗಲ ಮೇಲೆ ಬರೋ ಬೆಲ್ಟ್ ಇಲ್ದಿದ್ರೆ ಹೆಚ್ಚಿನ ಚೈಲ್ಡ್ ಸೀಟ್‌ಗಳು ಅಲ್ಲಿ ಆಗಲ್ಲ.

ಬೆಲ್ಟಲ್ಲಿ ಕಟ್ಟೋ ಸೀಟಾದ್ರೆ ಬೆಲ್ಟ್ ಎಲ್ಲೆಲ್ಲಿ ತೂರಿಸ್ಬೇಕು ಅಂತ ಸೀಟ್ ಮೇಲೇ ಬಣ್ಣದ ಗುರುತು ಇರತ್ತೆ, ನೀಲಿ ಅಂದ್ರೆ ಹಿಂದಕ್ಕೆ ಮುಖ, ಕೆಂಪು ಅಂದ್ರೆ ಮುಂದಕ್ಕೆ ಮುಖ. ನಾವು ಆರು ತಿಂಗ್ಳು ತಪ್ಪು ಮಾಡಿದ್ದು ಇಲ್ಲೇ, ಹಿಂದಕ್ಕೆ ತಿರುಗಿಸಿದ್ವಿ ಆದ್ರೆ ಬೆಲ್ಟ್ ಕೆಂಪು ಗುರುತಲ್ಲಿ ತೂರಿಸಿದ್ವಿ, ನೋಡೋಕೆ ಬಿಗಿಯಾಗೇ ಇತ್ತು. ತೂರಿಸಿ ಬಕಲ್ ಹಾಕಿದ್ಮೇಲೆ ಒಂದು ಮಂಡಿನ ಚೈಲ್ಡ್ ಸೀಟಿನೊಳಗೆ ಊರಿ ಮೈ ಭಾರ ಪೂರ್ತಿ ಬಿಡಿ, ಕಾರಿನ ಕುಶನ್ ಒಳಕ್ಕೆ ಹೋಗತ್ತೆ, ಹಾಗೇ ಒತ್ತಿಟ್ಕೊಂಡು ಬೆಲ್ಟ್ ಎಳೀರಿ. ಮೊದ್ಲು ಸೊಂಟದ ಭಾಗ, ಆಮೇಲೆ ಹೆಗಲ ಭಾಗ. ಮಂಡಿ ತೆಗೆದ್ಮೇಲೆ ಬೆಲ್ಟ್ ತೂರಿಸಿರೋ ಜಾಗದಲ್ಲೇ ಹಿಡಿದು ಅಲ್ಲಾಡ್ಸಿ, ಒಂದಿಂಚಿಗಿಂತ ಜಾಸ್ತಿ ಆಚೆ ಈಚೆ ಹೋದ್ರೆ ಇನ್ನೊಂದ್ಸಲ. ತುದಿ ಹಿಡಿದು ಅಲ್ಲಾಡ್ಸಿದ್ರೆ ಯಾವ ಸೀಟಾದ್ರೂ ಅಲ್ಲಾಡತ್ತೆ, ಅದನ್ನ ನೋಡಿ ಗಾಬ್ರಿ ಬೇಡ.

ಐಸೊಫಿಕ್ಸಾದ್ರೆ ಎರಡು ಕೊಕ್ಕೆ ಕಟ್ ಕಟ್ ಅಂತ ಕೂರ್ಬೇಕು, ಹಸಿರು ಬಣ್ಣ ಕಾಣ್ಬೇಕು. ಅಷ್ಟಕ್ಕೇ ಮುಗೀಲಿಲ್ಲ, ಮೂರನೇ ಆಸರೆ ಒಂದಿರತ್ತೆ, ಇಲ್ಲಾ ನೆಲಕ್ಕೆ ಊರೋ ಕಾಲು, ಇಲ್ಲಾ ಮೇಲಿಂದ ಹಿಂದಕ್ಕೆ ಹೋಗಿ ಕೊಕ್ಕೆಗೆ ಸಿಗಿಸೋ ಪಟ್ಟಿ, ಅದಕ್ಕೆ ಟಾಪ್ ಟೆದರ್ ಅಂತಾರೆ. ಇದನ್ನ ಬಿಟ್ಟುಬಿಡೋರು ಜಾಸ್ತಿ. ಇದಿಲ್ದಿದ್ರೆ ಗುದ್ದಿದಾಗ ಸೀಟ್ ಪೂರ್ತಿ ಮುಂದಕ್ಕೆ ಮುಗ್ಗರಿಸತ್ತೆ.

ಈಗ ಮಗು. ಹಿಂದಕ್ಕೆ ಮುಖ ಮಾಡಿ ಕೂತಿದ್ರೆ ಹೆಗಲ ಪಟ್ಟಿ ಹೆಗಲ ಮಟ್ಟದಲ್ಲಿ ಅಥವಾ ಒಂಚೂರು ಕೆಳಗಿಂದ ಬರ್ಬೇಕು, ಮುಂದಕ್ಕಾದ್ರೆ ಹೆಗಲ ಮಟ್ಟದಿಂದ ಅಥವಾ ಒಂಚೂರು ಮೇಲಿಂದ. ಪಟ್ಟಿ ತಿರುಚ್ಕೊಂಡಿರ್ಬಾರ್ದು. ಎಳೆದು ಬಿಗಿ ಮಾಡಿದ್ಮೇಲೆ ಹೆಗಲ ಹತ್ರ ಪಟ್ಟಿನ ಹೆಬ್ಬೆರಳು ತೋರುಬೆರಳಲ್ಲಿ ಚಿವುಟೋಕೆ ನೋಡಿ, ಮಡಿಕೆ ಸಿಕ್ತಾ, ಹಾಗಿದ್ರೆ ಸಡಿಲ. ಜಾರಿಹೋಗ್ಬೇಕು ಬೆರಳು. ದಪ್ಪ ಸ್ವೆಟರ್ ಜಾಕೆಟ್ ಹಾಕಿ ಕಟ್ಬೇಡಿ, ಡಿಸೆಂಬರಲ್ಲಿ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗ್ವಾಗ ಇದನ್ನ ಎಲ್ರೂ ಮಾಡ್ತಾರೆ, ಗುದ್ದಿದಾಗ ಜಾಕೆಟ್ ಒಳಗಿನ ಹತ್ತಿ ಅಮುಕ್ಕೊಂಡು ಪಟ್ಟಿ ನಾಲ್ಕು ಬೆರಳು ಸಡಿಲ ಆಗತ್ತೆ. ಜಾಕೆಟ್ ತೆಗೆದು ಕಟ್ಟಿ, ಮೇಲಿಂದ ಶಾಲು ಹೊದಿಸಿ.

ಎಳೇ ಕೂಸಾದ್ರೆ ಸೀಟು ಅರ್ಧ ಮಲಗಿದಂಗೆ ವಾಲಿರ್ಬೇಕು, ಗಲ್ಲ ಎದೆಗೆ ಬಿದ್ರೆ ಉಸಿರಾಟಕ್ಕೆ ತೊಂದ್ರೆ. ಮೊದಮೊದ್ಲು ಅರ್ಧ ಗಂಟೆಗೊಂದ್ಸಲ ನಿಲ್ಸಿ ಎತ್ಕೊಳ್ಳಿ, ಮಗು ಮಲಗಿದೆ ಅಂತ ಮನೆಗೆ ಬಂದ್ಮೇಲೂ ಅದ್ರಲ್ಲೇ ಮಲಗಿಸ್ಬೇಡಿ, ತೊಟ್ಟಿಲಿಗೆ ಹಾಕಿ.

ಹಿಂದಕ್ಕೆ ಮುಖ ಇರೋ ಸೀಟನ್ನ ಏರ್‌ಬ್ಯಾಗ್ ಆನ್ ಇರೋ ಮುಂದಿನ ಸೀಟಲ್ಲಿ ಯಾವತ್ತೂ ಇಡ್ಬೇಡಿ. ಏರ್‌ಬ್ಯಾಗ್ ಬಿಚ್ಕೊಳ್ಳೋದು ಸ್ಫೋಟದ ಥರ, ನೇರ ಮಗೂನ ತಲೆ ಹಿಂದೆ ಹೊಡ್ಯತ್ತೆ. ಕಾರಿನ ಸನ್‌ವೈಸರ್ ಮೇಲೆ ಚಿತ್ರ ಸಮೇತ ಹಾಕಿರ್ತಾರೆ, ನಾವು ಅದನ್ನ ಕನ್ನಡಿ ನೋಡ್ಕೊಳ್ಳೋಕೆ ಮಾತ್ರ ಇಳಿಸೋದು.

ನಾಲ್ಕೈದು ವರ್ಷ ಆದ್ಮೇಲೆ

ಇಲ್ಲೇ ಜಾಸ್ತಿ ಜನ ಕೈಬಿಡೋದು. ದೊಡ್ಡವನಾದ, ಕಾರಿನ ಬೆಲ್ಟೇ ಸಾಕು ಅಂತ. ಕಾನೂನಿಗೆ ಸಾಕು, ಅದು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಅಂತಷ್ಟೇ ಹೇಳೋದು, ಮೈಗೆ ಸಾಲಲ್ಲ. ಕಾರಿನ ಬೆಲ್ಟ್ ಮಾಡಿರೋದು ದೊಡ್ಡೋರ ಅಳತೆಗೆ, ಆರು ವರ್ಷದ ಮಗೂಗೆ ಹಾಕಿದ್ರೆ ಮೇಲಿನದು ಕತ್ತಿಗೆ ಉಜ್ಜತ್ತೆ, ಕೆಳಗಿನದು ಸೊಂಟದ ಮೂಳೆ ಬಿಟ್ಟು ಹೊಟ್ಟೆ ಮೇಲೆ ಬರತ್ತೆ, ಗುದ್ದಿದಾಗ ಒಳಗಿನ ಕರುಳಿಗೇ ಪೆಟ್ಟು. ಕತ್ತಿಗೆ ಚುಚ್ಚತ್ತೆ ಅಂತ ಮಕ್ಳು ಮೇಲಿನ ಬೆಲ್ಟನ್ನ ಬೆನ್ನ ಹಿಂದೆ ಹಾಕ್ಕೋತಾರೆ, ಆಗ ಇನ್ನೂ ಕೆಟ್ಟದು.

ಬೂಸ್ಟರ್ ಅಂದ್ರೆ ಏನಿಲ್ಲ, ಮಗೂನ ಎತ್ತರಿಸಿ ಬೆಲ್ಟ್ ಸರಿ ಜಾಗಕ್ಕೆ ತರೋ ಮಣೆ. ಬೆನ್ನಿರೋ ಬೂಸ್ಟರ್ ತಗೊಳ್ಳಿ, ನಿದ್ದೆ ಬಂದಾಗ ತಲೆ ವಾಲೋಕೆ ಆಸರೆ ಇರತ್ತೆ. ಎಲ್ಲಿವರೆಗೆ ಅಂದ್ರೆ, ಬ್ರಿಟನ್ನಲ್ಲಿ 135 ಸೆಂಟಿಮೀಟರ್ ಅಥವಾ 12 ವರ್ಷ, ಜರ್ಮನೀಲಿ 150 ಸೆಂಟಿಮೀಟರ್ ಅಥವಾ 12 ವರ್ಷ. ಅಲ್ಲಿಂದ ರಜಕ್ಕೆ ಬರೋ ನಮ್ಮೋರು ಅಲ್ಲಿ ಆಸ್ಪತ್ರೆಯಿಂದ ಹುಟ್ಟಿದ ಕೂಸನ್ನ ಸೀಟಲ್ಲೇ ಮನೆಗೆ ತಂದಿರ್ತಾರೆ, ಕೆಂಪೇಗೌಡ ಏರ್‌ಪೋರ್ಟಲ್ಲಿ ಇಳಿದ ತಕ್ಷಣ ಅದೇ ಮಗು ಅಜ್ಜಿ ತೊಡೆಗೆ. ಇಂಡಿಯಾ ಅಲ್ವಾ ನಡಿಯತ್ತೆ ಅಂತ. ನಿಮ್ಮಲ್ಲೂ ಯಾರಾದ್ರೂ ಬರೋರಿದ್ರೆ ಏರ್‌ಲೈನ್‌ನ ಮೊದ್ಲೇ ಕೇಳ್ಕೊಳ್ಳೋಕೆ ಹೇಳಿ, ಚೈಲ್ಡ್ ಸೀಟನ್ನ ಲಗೇಜ್ ಲೆಕ್ಕಕ್ಕೆ ಸೇರಿಸ್ದೆ ತಗೊಳ್ಳೋ ಏರ್‌ಲೈನ್‌ಗಳು ತುಂಬ ಇವೆ.

ಬೂಸ್ಟರ್ ಬಿಡೋ ಟೈಮ್ ಬಂತಾ ನೋಡೋಕೆ ಟೇಪೂ ಬೇಡ. ಬೆನ್ನು ಪೂರ್ತಿ ಸೀಟಿಗೆ ತಾಗಿ ಕೂತಾಗ ಮಂಡಿ ಸೀಟಿನ ಅಂಚಲ್ಲಿ ಮಡಚತ್ತಾ, ಪಾದ ನೆಲ ಮುಟ್ಟತ್ತಾ, ಕೆಳಗಿನ ಬೆಲ್ಟ್ ತೊಡೆಯ ಬುಡದಲ್ಲಿದ್ಯಾ, ಮೇಲಿನದು ಹೆಗಲ ನಡುವೆ ಇದ್ಯಾ, ಊರು ಬರೋವರೆಗೂ ಹಾಗೇ ಕೂತಿರತ್ತಾ. ಒಂದಕ್ಕೆ ಇಲ್ಲ ಅಂದ್ರೂ ಬೂಸ್ಟರ್ ಇರ್ಲಿ.

ಅಳು, ಅಜ್ಜಿ, ಮದುವೆ ಮನೆ

ಫಿಟಿಂಗ್ ಅರ್ಧ ಗಂಟೆ ಕೆಲ್ಸ, ಇದು ವರ್ಷಗಟ್ಲೆ ಕೆಲ್ಸ. ಹುಟ್ಟಿದಾಗಿಂದ ಕೂರ್ಸಿದ್ರೆ ಮಗೂಗೆ ಬೇರೆ ಥರ ಇರತ್ತೆ ಅಂತಾನೇ ಗೊತ್ತಿರಲ್ಲ, ನಮ್ಮ ಚಿಕ್ಕವಳು ಒಂದು ದಿನಾನೂ ರಂಪ ಮಾಡಿಲ್ಲ. ದೊಡ್ಡವನು ತೊಡೆ ರುಚಿ ನೋಡಿದ್ದ, ಅವನಿಗೆ ಕಷ್ಟ ಆಯ್ತು. ನಾವು ಮಾಡಿದ್ದು, ಸೀಟನ್ನ ಒಂದು ವಾರ ಹಾಲಲ್ಲಿ ಇಟ್ವಿ. ಅದ್ರಲ್ಲಿ ಕೂತು ಬಾಳೆಹಣ್ಣು ತಿಂದ, ಗೊಂಬೆ ಕೂರ್ಸಿ ಬಕಲ್ ಹಾಕ್ದ, ತೆಗ್ದ. ಆಮೇಲೆ ನಿಂತಿರೋ ಕಾರಲ್ಲಿ ಎರಡು ದಿನ. ಆಮೇಲೆ ಹಾಲಿನ ಬೂತ್‌ವರೆಗೆ. ನಿಯಮ ಒಂದೇ, ಬಕಲ್ ಸದ್ದು ಕೇಳ್ದೆ ಕಾರು ಸ್ಟಾರ್ಟ್ ಆಗಲ್ಲ, ಮಧ್ಯದಲ್ಲಿ ಬಿಚ್ಚಿದ್ರೆ ಪಕ್ಕಕ್ಕೆ ನಿಲ್ಲತ್ತೆ. ಬೈಗುಳ ಇಲ್ಲ, ಚಾಕ್ಲೇಟ್ ಇಲ್ಲ, ಪೆಟ್ರೋಲ್ ಇಲ್ದೆ ನಿಂತಂಗೆ ಸುಮ್ನೆ ನಿಲ್ಸೋದು. ಒಂದ್ಸಲ ಕುಣಿಗಲ್ ಬೈಪಾಸಲ್ಲಿ ಇಪ್ಪತ್ತು ನಿಮಿಷ ನಿಂತಿದೀವಿ, ಅವನು ಚೀರಿ ಚೀರಿ ಸುಸ್ತಾಗಿ ಕೊನೆಗೆ ತಾನೇ ಕೈ ತೂರಿಸ್ದ. ಒಂದೇ ಒಂದ್ಸಲ ಅಳ್ತಾನೆ ಅಂತ ಎತ್ಕೊಂಡ್ರೆ ಮುಗೀತು, ಅತ್ರೆ ಸಿಗತ್ತೆ ಅಂತ ಕಲಿತ್ಕೋತಾರೆ. ಓಡ್ತಿರೋ ಕಾರಲ್ಲಿ ಕಡಲೆಬೀಜ, ದ್ರಾಕ್ಷಿ, ಗಟ್ಟಿ ಚಕ್ಲಿ ಕೊಡ್ಬೇಡಿ, ಗಂಟಲಿಗೆ ಸಿಕ್ಕಿದ್ರೆ ಮುಂದಿನ ಸೀಟಲ್ಲಿರೋರಿಗೆ ಗೊತ್ತೇ ಆಗಲ್ಲ.

ನಮ್ಮತ್ತೆ ಮೊದಲ್ನೇ ದಿನ ಸೀಟ್ ನೋಡಿ ಅಂದಿದ್ದು, ಏನವ್ವ ಮಗೀನ ಹಿಂಗ್ ಕಟ್ಟಾಕ್ತೀಯ, ಕರುನ್ ಗೂಟಕ್ ಕಟ್ಟಾಕ್ದಂಗೆ, ನಾವ್ ಸಾಕಿಲ್ವಾ ಮಕ್ಳ. ವಾದ ಮಾಡೋಕೆ ಹೋಗ್ಬೇಡಿ. ನಾನು ಫಿಸಿಕ್ಸ್ ಹೇಳೋಕೆ ಹೋಗಿ ಸೋತೆ. ಕೆಲ್ಸ ಮಾಡಿದ್ದು ಬೇರೇದು, ಅತ್ತೆನ ಸೀಟಿನ ಪಕ್ಕದಲ್ಲೇ ಕೂರ್ಸಿ, ಅತ್ತೆ ಪಟ್ಟಿ ಬಿಗಿ ಇದ್ಯಾ ಸ್ವಲ್ಪ ಚಿವುಟಿ ನೋಡಿ, ನಂಗೆ ಗೊತ್ತಾಗ್ತಿಲ್ಲ ಅಂತ ಆ ಕೆಲ್ಸ ಅವ್ರಿಗೇ ಕೊಟ್ಟೆ. ಈಗ ನನಗಿಂತ ಬಿಗಿ ಕಟ್ತಾರೆ. ಹಾಗೇ ಪಕ್ಕದಲ್ಲಿ ಕೂರೋ ದೊಡ್ಡೋರಿಗೂ ಬೆಲ್ಟ್ ಹಾಕ್ಸಿ, ಕಾರಿಗೆ ಪಕ್ಕದಿಂದ ಏನಾದ್ರೂ ಗುದ್ದಿದಾಗ ಬೆಲ್ಟಿಲ್ದೆ ಕೂತ ಎಪ್ಪತ್ತು ಕೆಜಿ ಮಾವ ನೇರ ಮಗೂನ ಮೇಲೇ ಬೀಳೋದು.

ಮದುವೆ, ಧರ್ಮಸ್ಥಳ ಟ್ರಿಪ್ಪು, ಏಳು ಸೀಟಿನ ಗಾಡೀಲಿ ಹನ್ನೊಂದು ಜನ, ಇಲ್ಲೇ ಎಲ್ಲಾ ಕೆಡೋದು. ನನ್ನ ಹತ್ರ ಇದಕ್ಕೆ ಸುಲಭದ ಉತ್ರ ಇಲ್ಲ, ಹಿಂದಿನ ದಿನವೇ ಫೋನ್ ಮಾಡಿ, ಮಗೂಗೆ ಒಂದು ಸೀಟ್ ಲೆಕ್ಕ ಹಾಕಿ, ಇಲ್ಲಾಂದ್ರೆ ನಾವು ಕೆಎಸ್ಸಾರ್ಟಿಸಿ ಬಸ್ಸಲ್ಲಿ ಬರ್ತೀವಿ ಅನ್ನಿ. ನಾನು ಎರಡು ಸಲ ಹಾಗೇ ಮಾಡಿ ನೆಂಟರ ಬಾಯಲ್ಲಿ ಧಿಮಾಕಿನೋಳು ಆಗಿದೀನಿ.

ಕ್ಯಾಬಲ್ಲಿ ಕಥೆ ಬೇರೆ. ಬೆಲ್ಟ್ ಇರತ್ತೆ, ಬಕಲ್ ಸೀಟ್ ಕವರ್ ಕೆಳಗೆ ಹೂತ್ಹೋಗಿರತ್ತೆ. ಬುಕ್ ಆದ ತಕ್ಷಣ ಡ್ರೈವರ್‌ಗೆ ಫೋನ್ ಮಾಡಿ, ಅಣ್ಣ ಮಗು ಇದೆ, ಹಿಂದಿನ ಬಕಲ್ ಎರಡೂ ಹೊರಗೆ ತೆಗೆದಿಡಿ ಅನ್ನಿ, ಬರೋ ಹೊತ್ತಿಗೆ ಹೆಚ್ಚಿನೋರು ತೆಗೆದಿರ್ತಾರೆ. ಬೆಲ್ಟಲ್ಲಿ ಕಟ್ಟೋ ಬೇಬಿ ಕ್ಯಾರಿಯರ್ ಅಥವಾ ಹಗುರ ಬೂಸ್ಟರ್ ಜೊತೇಲೇ ಒಯ್ಯಬೋದು. ಟೂ ವೀಲರಿಗೂ ನಿಯಮ ಬಂದಿದೆ, 2023ರ ಫೆಬ್ರವರಿ 15ರಿಂದ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ಟು, ಓಡ್ಸೋರ ಮೈಗೆ ಕಟ್ಟೋ ಹಾರ್ನೆಸ್ಸು, ಸ್ಪೀಡ್ 40 ಮೀರಂಗಿಲ್ಲ. ಸ್ಕೂಟರ್ ಮುಂದೆ ಮಗೂನ ನಿಲ್ಲಿಸ್ಕೊಂಡು ಹೋಗೋ ನಮ್ಮ ಏರಿಯಾದಲ್ಲಿ ಆ ಹಾರ್ನೆಸ್ ಹಾಕಿರೋರನ್ನ ನಾನು ಇಬ್ರನ್ನ ನೋಡಿದೀನಿ.

ಸನ್‌ರೂಫಿಂದ ಮಗೂನ ಹೊರಗೆ ನಿಲ್ಲಿಸೋದ್ರ ಬಗ್ಗೆ ಬರ್ಯೋಕೂ ಬೇಜಾರು. 2025ರ ಸೆಪ್ಟೆಂಬರಲ್ಲಿ ಬೆಂಗಳೂರಲ್ಲೇ ಒಬ್ಬ ಹುಡುಗನ ತಲೆ ರೋಡಿಗೆ ಅಡ್ಡ ಹಾಕಿದ್ದ ಕಬ್ಬಿಣದ ಕಂಬಕ್ಕೆ ಬಡಿದ ವಿಡಿಯೋ ಎಲ್ರ ಫೋನಿಗೂ ಬಂದಿತ್ತು. ಇನ್ನೊಂದು, ಬೀಪ್ ಸದ್ದು ನಿಲ್ಸೋಕೆ ಬಕಲ್ಲಿಗೆ ಸಿಗಿಸೋ ಡಮ್ಮಿ ಕ್ಲಿಪ್, 2023ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನ್ ಫ್ಲಿಪ್‌ಕಾರ್ಟ್ ಎಲ್ಲದ್ರಿಂದ ತೆಗೆಸಿದೆ, ನಿಮ್ಮ ಕಾರಲ್ಲಿದ್ರೆ ಇವತ್ತೇ ಕಸಕ್ಕೆ ಹಾಕಿ.

ದಿನಾ ಬಳಸೋವಾಗ

ಬಿಸಿಲಲ್ಲಿ ನಿಲ್ಸಿದ್ರೆ ಬಕಲ್ಲಿನ ಲೋಹ ಕಾದು ಮಗೂನ ತೊಡೆ ಸುಡತ್ತೆ, ಏಪ್ರಿಲಲ್ಲಿ ಒಂದು ಬಿಳಿ ಟವೆಲ್ ಮುಚ್ಚಿಟ್ಟು ಹೋಗಿ. ತಿಂಗ್ಳಿಗೊಂದ್ಸಲ ಹೆಗಲ ಪಟ್ಟಿ ಎತ್ತರ ನೋಡಿ, ಮಕ್ಳು ನಮಗೆ ಗೊತ್ತಾಗ್ದಂಗೆ ಬೆಳೀತಾರೆ. ಬಕಲ್ ಸರಿಯಾಗಿ ಕಚ್ಕೊಳ್ತಿಲ್ಲ ಅಂದ್ರೆ ಒಳಗೆ ಬಿಸ್ಕೆಟ್ ಪುಡಿ ಇರತ್ತೆ, ತಲೆಕೆಳಗು ಮಾಡಿ ತಟ್ಟಿ, ಎಣ್ಣೆ ಬಿಡ್ಬೇಡಿ. ಪಟ್ಟಿನ ಸೋಪಲ್ಲಿ ನೆನೆಹಾಕೋದು, ವಾಷಿಂಗ್ ಮೆಷಿನ್ನಿಗೆ ಹಾಕೋದು ಬೇಡ, ದಾರ ಸಡಿಲ ಆಗತ್ತೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು. ಜೋರಾದ ಆಕ್ಸಿಡೆಂಟ್ ಆಗಿದ್ರೆ ಸೀಟ್ ನೋಡೋಕೆ ಚೆನ್ನಾಗಿದ್ರೂ ಬದ್ಲಾಯ್ಸಿ, ಇನ್ಶೂರೆನ್ಸ್‌ನೋರ ಹತ್ರ ಅದನ್ನೂ ಸೇರಿಸಿ ಕೇಳಿ ನೋಡಿ.

ಬಟ್ಟೆ ಕವರ್ ಬಿಚ್ಚಿ ಒಗೀಬೋದು, ಆದ್ರೆ ಬಿಚ್ಚೋಕೆ ಮುಂಚೆ ಪಟ್ಟಿಗಳು ಎಲ್ಲಿಂದೆಲ್ಲಿಗೆ ಹೋಗ್ತವೆ ಅಂತ ಮುಂದಿಂದ ಹಿಂದಿಂದ ನಾಲ್ಕು ಫೋಟೋ ತಗೊಳ್ಳಿ. ನಾನು ತಗೊಂಡಿರ್ಲಿಲ್ಲ, ಬೆಳಿಗ್ಗೆ ಐದಕ್ಕೆ ಹೊರಡ್ಬೇಕಿತ್ತು, ರಾತ್ರಿ ಹನ್ನೊಂದೂವರೆಗೆ ನಾವಿಬ್ರೂ ನೆಲದ ಮೇಲೆ ಕೂತು ಒಂದು ಪಟ್ಟಿ ಮಿಕ್ಕಿದೆ ಇದ್ಯಾವ್ದು ಅಂತ ಟಾರ್ಚ್ ಬಿಟ್ಕೊಂಡು ನೋಡ್ತಿದ್ವಿ.